ಘೋರ ಅಪರಾಧಿಗಳೆಲ್ಲ ಹುಚ್ಚರೇ?

ಪತ್ರಿಕೆಯಲ್ಲಿ ಮೈನಡುಗಿಸುವ ಕೊಲೆಯ ಸುದ್ದಿ ಬಂದ ದಿನ ನಮ್ಮ ಬೊಬ್ರುವಾಡದ ಚಹಾದಂಗಡಿಯಲ್ಲಾಗಲಿ, ಅಂಕೋಲೆಯ ಬಸ್ ನಿಲ್ದಾಣದಲ್ಲಾಗಲಿ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ. "ಅವನಿಗೆ ತಲೆ ಸಮ ಇಲ್ಲ ಮಾರಾಯ, ಇಲ್ಲದಿದ್ದರೆ ಮನುಷ್ಯನಾದವನು ಹೀಗೆ ಮಾಡುತ್ತಾನೆಯೇ?" ಎಂದು ಒಬ್ಬರು ಹೇಳಿದರೆ, "ಅಂಥವನನ್ನು ಧಾರವಾಡಕ್ಕೆ ಕಳಿಸಬೇಕು" ಎಂದು ಇನ್ನೊಬ್ಬರು ತೀರ್ಪು ಕೊಡುತ್ತಾರೆ. ಮೂರನೆಯವರು "ಧಾರವಾಡವೂ ಬೇಡ, ಎಂಥದ್ದೂ ಬೇಡ, ಗಲ್ಲಿಗೆ ಹಾಕಬೇಕು" ಎನ್ನುತ್ತಾರೆ. ವಿಚಿತ್ರವೆಂದರೆ ಈ ಮೂವರೂ ಒಬ್ಬರ ಮಾತನ್ನು ಒಬ್ಬರು ಒಪ್ಪಿಕೊಂಡೇ ಚಹಾ ಮುಗಿಸಿ ಏಳುತ್ತಾರೆ! ರೋಗಿಯಾದವನನ್ನು ಗಲ್ಲಿಗೆ ಹಾಕುವುದು ಹೇಗೆ, ಗಲ್ಲಿಗೆ ತಕ್ಕವನಾದರೆ ಅವನನ್ನು ರೋಗಿಯೆನ್ನುವುದು ಹೇಗೆ ಎಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ನ್ಯಾಯಾಲಯಗಳು ಮಾತ್ರ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರದೆ ನೂರೆಂಬತ್ತು ವರ್ಷಗಳಿಂದ ಅದರೊಡನೆ ಹೆಣಗುತ್ತಿವೆ. ಆ ಇತಿಹಾಸದಲ್ಲಿ ನಮ್ಮ ಅಂಕೋಲಾ ತಾಲ್ಲೂಕಿನ ಒಬ್ಬರ ಹೆಸರೂ ಸೇರಿಕೊಂಡಿದೆ ಎಂಬುದು ಇಂದಿನ ತರುಣರಲ್ಲಿ ಹೆಚ್ಚಿನವರಿಗೆ ತಿಳಿದಿರಲಾರದು. ಈ ಲೇಖನವನ್ನು ಬರೆಯಲು ಅದೂ ಒಂದು ಕಾರಣ.

ಮೊದಲು ಧಾರವಾಡದ ಮಾತು. ನಮ್ಮ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸ್ ಪ್ರಾಂತದಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದು 1862ರಲ್ಲಿ. ಅಲ್ಲಿಂದ 1956ರವರೆಗೆ ನಮಗೆ ದೊಡ್ಡ ಊರೆಂದರೆ ಮುಂಬಯಿ, ಘಟ್ಟದ ಮೇಲಿನ ವಿದ್ಯೆಯ ಊರೆಂದರೆ ಧಾರವಾಡ. ಬ್ರಿಟಿಷರು ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ಹುಚ್ಚಾಸ್ಪತ್ರೆಯೂ ಅಲ್ಲಿಯೇ ಇತ್ತು (ಇಂದು ಅದು ಡಿಮ್ಹಾನ್ಸ್ ಎಂಬ ಹೆಸರಿನ ಗೌರವಯುತ ಸಂಸ್ಥೆ). ಹೀಗಾಗಿ ಕರ್ನಾಟಕ ಕಾಲೇಜಿಗೆ ಹೋದವನೂ ಧಾರವಾಡಕ್ಕೆ ಹೋದ, ತಲೆ ಕೆಟ್ಟವನೂ ಧಾರವಾಡಕ್ಕೆ ಹೋದ. ಇದನ್ನು ಕುರಿತ ಹಾಸ್ಯಗಳು ನಮ್ಮ ಹಿರಿಯರ ಬಾಯಲ್ಲಿ ಸಾಕಷ್ಟಿದ್ದವು.

ಅದೇ 1862ರ ಜನವರಿ 1ರಂದು ಇನ್ನೊಂದು ಘಟನೆ ನಡೆಯಿತು. ಮೆಕಾಲೆ ಸಾಹೇಬನ ಸಮಿತಿ 1837ರಲ್ಲಿಯೇ ಕರಡು ಸಿದ್ಧಪಡಿಸಿದ್ದ, 1860ರಲ್ಲಿ ಅಂಗೀಕಾರವಾದ ಭಾರತೀಯ ದಂಡ ಸಂಹಿತೆ ಅಂದಿನಿಂದ ಜಾರಿಗೆ ಬಂದಿತು. ಅದರ 84ನೆಯ ಸೆಕ್ಷನ್ ನಮ್ಮ ಇಂದಿನ ವಿಷಯಕ್ಕೆ ಸಂಬಂಧಿಸಿದ್ದು. ಕೃತ್ಯ ಎಸಗುವ ಹೊತ್ತಿನಲ್ಲಿ ಚಿತ್ತದ ಅಸ್ವಸ್ಥತೆಯ ಕಾರಣದಿಂದ ತಾನು ಮಾಡುತ್ತಿರುವುದು ಏನೆಂಬುದನ್ನೇ ಅರಿಯಲಾರದವನು, ಅಥವಾ ಅದು ತಪ್ಪು ಇಲ್ಲವೇ ಕಾನೂನಿಗೆ ವಿರುದ್ಧ ಎಂದು ತಿಳಿಯಲಾರದವನು ಮಾಡಿದ್ದು ಅಪರಾಧವಾಗದು ಎಂಬುದು ಅದರ ಸಾರಾಂಶ. ಅವನಿಗೆ ರೋಗವಿದೆಯೇ ಎಂದಷ್ಟೇ ಕಾನೂನು ಕೇಳುವುದಿಲ್ಲ. ಆ ರೋಗವು ಆ ಗಳಿಗೆಯಲ್ಲಿ ಅವನ ತಿಳಿವಳಿಕೆಯನ್ನು ನುಂಗಿಹಾಕಿತ್ತೇ ಎಂದು ಕೇಳುತ್ತದೆ. ಈ ವ್ಯತ್ಯಾಸವನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು.

ಈ ಮಾತುಗಳ ಹಿಂದೆ ಇಂಗ್ಲೆಂಡಿನ ಒಂದು ಗುಂಡಿನ ಸದ್ದಿದೆ. 1843ರ ಜನವರಿಯಲ್ಲಿ ಡೇನಿಯಲ್ ಮೆಕ್‌ನಾಟನ್ ಎಂಬವನು ಪ್ರಧಾನಮಂತ್ರಿ ರಾಬರ್ಟ್ ಪೀಲ್ ಎಂದು ತಪ್ಪಾಗಿ ತಿಳಿದು ಅವರ ಆಪ್ತ ಕಾರ್ಯದರ್ಶಿ ಎಡ್ವರ್ಡ್ ಡ್ರಮಂಡ್‌ಗೆ ಗುಂಡಿಕ್ಕಿದ. ಆಳುವ ಪಕ್ಷದವರು ತನ್ನನ್ನು ಹಗಲಿರುಳು ಬೆನ್ನಟ್ಟುತ್ತಿದ್ದಾರೆ ಎಂಬುದು ಅವನ ದೃಢವಾದ ನಂಬಿಕೆಯಾಗಿತ್ತು. ಪಂಚರು ಅವನನ್ನು ಹುಚ್ಚನೆಂದು ಪರಿಗಣಿಸಿ ನಿರ್ದೋಷಿಯೆಂದರು. ವಿಕ್ಟೋರಿಯಾ ರಾಣಿಯೂ ಸೇರಿ ದೇಶವೇ ಸಿಡಿಮಿಡಿಗೊಂಡಿತು. ಆಗ ಪ್ರಭುಗಳ ಸಭೆ ನ್ಯಾಯಾಧೀಶರನ್ನು ಕರೆಸಿ, ಹುಚ್ಚನೆಂದರೆ ಯಾರು ಎಂದು ವಿವರಣೆ ಕೇಳಿತು. ಅವರು ಕೊಟ್ಟ ಉತ್ತರವೇ ಮೆಕ್‌ನಾಟನ್ ನಿಯಮ. ನಮ್ಮ 84ನೆಯ ಸೆಕ್ಷನ್ ಅದರ ಹತ್ತಿರದ ಬಂಧು. ಇಲ್ಲಿ ಒಂದು ಮಾತು. "ಹುಚ್ಚನೆಂದು ಹೇಳಿಸಿಕೊಂಡು ಪಾರಾದ" ಎಂದು ಜನ ಹೇಳುವುದುಂಟು. ಮೆಕ್‌ನಾಟನ್ ಪಾರಾಗಿ ಮನೆಗೆ ಹೋಗಲಿಲ್ಲ. 1865ರಲ್ಲಿ ಸಾಯುವವರೆಗೆ, ಇಪ್ಪತ್ತೆರಡು ವರ್ಷ ಹುಚ್ಚಾಸ್ಪತ್ರೆಗಳ ಗೋಡೆಗಳ ನಡುವೆಯೇ ಕಳೆದ.

ನಮ್ಮಲ್ಲಿ ಇದಕ್ಕಿಂತ ಬಹಳ ಹಿಂದೆಯೇ ಇಂಥ ವಿವೇಚನೆ ಇತ್ತು. ಕಲ್ಯಾಣದಲ್ಲಿ ಕುಳಿತು ವಿಜ್ಞಾನೇಶ್ವರನು ಯಾವ ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯಾನವನ್ನು ಬರೆದನೋ, ಆ ಸ್ಮೃತಿಯಲ್ಲಿ ಉನ್ಮತ್ತನು ಮಾಡಿಕೊಂಡ ವ್ಯವಹಾರ ಸಿಂಧುವಲ್ಲ ಎಂಬ ಮಾತಿದೆ. ಆದರೆ ಅದು ಲೇವಾದೇವಿಯ ಮಾತು, ಕೊಲೆಯದಲ್ಲ. ಅದನ್ನು ಎಳೆದು ಹಿಗ್ಗಿಸುವುದು ನನಗೆ ಇಷ್ಟವಿಲ್ಲ.

ಇನ್ನು ನಮ್ಮ ತಾಲ್ಲೂಕಿನವರ ವಿಷಯ. ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಹಾದಿಯಲ್ಲಿ ಅವರ್ಸಾ ಎಂಬ ಊರಿದೆ. ಅಲ್ಲಿ ಜನಿಸಿದ ರಮಾಕಾಂತ ಶೇಷಗಿರಿ ಕುಲಕರ್ಣಿ ಎಂಬವರು ಐ.ಪಿ.ಎಸ್. ಅಧಿಕಾರಿಯಾಗಿ ಮಹಾರಾಷ್ಟ್ರ ಪೊಲೀಸಿನ ಅತ್ಯುನ್ನತ ಹುದ್ದೆಯವರೆಗೆ ಏರಿದರು. ಮುಂಬಯಿಯವರು ಅವರನ್ನು ಭಾರತದ ಷರ್ಲಾಕ್ ಹೋಮ್ಸ್ ಎಂದು ಕರೆದರು. ಅವರು ಭೇದಿಸಿದ ಪ್ರಕರಣಗಳಲ್ಲಿ ಎರಡನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಚಹಾದಂಗಡಿಯ ಆ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಂತಾಗುತ್ತದೆ.

ಮೊದಲನೆಯದು 1968ರ ರಾಮನ್ ರಾಘವನ ಪ್ರಕರಣ. ನಾನಾಗ ಪ್ರಾಥಮಿಕ ಶಾಲೆಯ ಹುಡುಗ. ಮುಂಬಯಿಯ ಹೋಟೆಲು, ಗಿರಣಿಗಳಲ್ಲಿ ನಮ್ಮ ಕಡೆಯ ಜನ ತುಂಬಿದ್ದ ಕಾಲವದು. ಅಲ್ಲಿಂದ ಬರುವ ಪತ್ರಗಳಲ್ಲಿ ಮಳೆ, ಪಗಾರಗಳ ಸುದ್ದಿಯ ಜೊತೆಗೆ "ರಾತ್ರಿ ಹೊರಗೆ ಮಲಗಲು ಭಯವಾಗಿದೆ" ಎಂಬ ಸಾಲೂ ಇರತೊಡಗಿತು. ಹಿರಿಯರು ಅದನ್ನು ಗಟ್ಟಿಯಾಗಿ ಓದದೆ ನುಂಗಿಕೊಳ್ಳುತ್ತಿದ್ದರೂ ನಮಗೆ ಹೇಗೋ ತಿಳಿಯುತ್ತಿತ್ತು. ಉಪನಗರಗಳ ಪಾದಚಾರಿ ದಾರಿಗಳಲ್ಲಿ, ಗುಡಿಸಲುಗಳಲ್ಲಿ ಮಲಗಿದ್ದ ಬಡವರನ್ನು ಯಾರೋ ಭಾರವಾದ ವಸ್ತುವಿನಿಂದ ತಲೆಗೆ ಬಡಿದು ಕೊಲ್ಲುತ್ತಿದ್ದರು. 1965-66ರಲ್ಲಿಯೂ ಹೀಗೆಯೇ ನಡೆದು ನಿಂತುಹೋಗಿತ್ತು. ಆಗ ರಾಘವನನ್ನು ಅನುಮಾನದ ಮೇಲೆ ಹಿಡಿದ ಪೊಲೀಸರು ಸಾಕ್ಷ್ಯವಿಲ್ಲದೆ ಬಿಟ್ಟಿದ್ದರು. 1968ರಲ್ಲಿ ಕುಲಕರ್ಣಿಯವರು ಮುಂಬಯಿ ಅಪರಾಧ ವಿಭಾಗದ ಉಪಾಯುಕ್ತರಾಗಿ ತನಿಖೆಯ ಹೊಣೆ ಹೊತ್ತರು. ಆ ಆಗಸ್ಟ್ ತಿಂಗಳಿನಲ್ಲಿ ರಾಘವ ಸಿಕ್ಕಿಬಿದ್ದ. ಮೊದಮೊದಲು ಬಾಯಿ ಬಿಡದವನು ಕೋಳಿಯ ಊಟ ತರಿಸಿಕೊಂಡು ತೃಪ್ತಿಯಾದ ಮೇಲೆ ಎಲ್ಲವನ್ನೂ ಹೇಳಿದನಂತೆ. ಸುಮಾರು ನಲವತ್ತು ಕೊಲೆಗಳನ್ನು ಒಪ್ಪಿಕೊಂಡ.

ಅನಂತರ ನಡೆದದ್ದೇ ನಮಗೆ ಮುಖ್ಯವಾದದ್ದು. ಪೊಲೀಸ್ ಶಸ್ತ್ರವೈದ್ಯರು ಅವನನ್ನು ಹಲವು ವಾರ ಗಮನಿಸಿ, ಬುದ್ಧಿ ಸ್ವಸ್ಥವಾಗಿದೆ ಎಂದರು. ಆರೋಪಿಯ ಪರ ಬಂದ ಮನೋವೈದ್ಯರು ದೀರ್ಘಕಾಲದ ಸ್ಕಿಜೋಫ್ರೀನಿಯಾ ಇದೆ ಎಂದು ಸಾಕ್ಷ್ಯ ನುಡಿದರು. ಸೆಷನ್ಸ್ ನ್ಯಾಯಾಲಯ ಗಲ್ಲುಶಿಕ್ಷೆ ವಿಧಿಸಿತು. ಅವನು ಮೇಲ್ಮನವಿಯನ್ನೂ ಸಲ್ಲಿಸಲಿಲ್ಲ. ಗಲ್ಲನ್ನು ಖಾಯಂಗೊಳಿಸುವ ಮುನ್ನ ಮುಂಬಯಿ ಉಚ್ಚ ನ್ಯಾಯಾಲಯ ಮೂವರು ಮನೋವೈದ್ಯರ ಮಂಡಳಿಯನ್ನು ನೇಮಿಸುವಂತೆ ಆದೇಶಿಸಿತು. ಅವರು ಅವನೊಡನೆ ಐದು ಸಲ, ಪ್ರತಿ ಸಲವೂ ಸುಮಾರು ಎರಡು ಗಂಟೆ ಮಾತನಾಡಿದರು. ಜಗತ್ತುಗಳು ಎರಡಿವೆ, ಒಂದು 'ಕಾನೂನು', ಇನ್ನೊಂದು ಇದು. ತಾನು ಆ ಕಾನೂನಿನ ಪ್ರತಿನಿಧಿ. ಜನ ತನ್ನನ್ನು ಹೆಣ್ಣಾಗಿ ಮಾರ್ಪಡಿಸಲು ಸಂಚು ಹೂಡಿದ್ದಾರೆ ಎಂದೆಲ್ಲ ಅವನು ನಂಬಿದ್ದ. ಕೊನೆಯ ಭೇಟಿಯಲ್ಲಿ ವೈದ್ಯರು ಕೈಕುಲುಕಲು ಹೋದಾಗ, ಈ ಕೆಟ್ಟ ಜಗತ್ತಿನವರನ್ನು ತಾನು ಮುಟ್ಟಲಾರೆನೆಂದು ಹಿಂದೆ ಸರಿದ. ವೈದ್ಯರು ವಾಸಿಯಾಗದ ರೋಗವೆಂದು ಬರೆದರು. 1987ರಲ್ಲಿ ಗಲ್ಲು ಜೀವಾವಧಿಯಾಯಿತು. ಯೆರವಡಾ ಜೈಲಿನ ಕೈದಿಯಾಗಿಯೇ ಉಳಿದ ಅವನು 1995ರಲ್ಲಿ ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ತೀರಿಕೊಂಡ. ಇಷ್ಟು ಸ್ಪಷ್ಟವಾದ ರೋಗವಿದ್ದರೂ ನ್ಯಾಯಾಲಯವು ಅವನನ್ನು ನಿರ್ದೋಷಿ ಎನ್ನಲಿಲ್ಲ. ರೋಗವು ಅವನ ಶಿಕ್ಷೆಯನ್ನು ಇಳಿಸಿತು, ಅಪರಾಧವನ್ನು ಅಳಿಸಲಿಲ್ಲ.

ಎರಡನೆಯದು ಮಾನವತ ಕೊಲೆಗಳು. ಮಹಾರಾಷ್ಟ್ರದ ಪರಭಣಿ ಜಿಲ್ಲೆಯ ಮಾನವತ ಎಂಬಲ್ಲಿ 1972ರಿಂದ 1974ರ ನಡುವೆ ಬಾಲಕಿಯರೂ ಮಹಿಳೆಯರೂ ಸಾಲುಸಾಲಾಗಿ ಕೊಲೆಯಾದರು. ವಿವರಗಳನ್ನು ಇಲ್ಲಿ ಬರೆಯಲು ಕೈ ಓಡದು. ಅಲ್ಲಿಗೂ ಕುಲಕರ್ಣಿಯವರನ್ನೇ ಕಳುಹಿಸಿದರು. ಅವರ ತನಿಖೆ ಬೊಟ್ಟುಮಾಡಿದ್ದು ಒಬ್ಬ ಹುಚ್ಚನ ಕಡೆಗಲ್ಲ. ನಿಧಿ ಸಿಗುತ್ತದೆ, ಸಂತಾನವಾಗುತ್ತದೆ ಎಂಬ ಆಸೆಯಿಂದ ಬಲಿ ಕೊಡಲು ಹೊರಟ ಹಲವರ ಕೂಟದ ಕಡೆಗೆ. ಅವರು ಮನೆ ನಡೆಸುತ್ತಿದ್ದರು, ವ್ಯಾಪಾರ ವಹಿವಾಟು ಮಾಡುತ್ತಿದ್ದರು, ಊರವರೊಡನೆ ಕುಳಿತೇಳುತ್ತಿದ್ದರು. ಕುಲಕರ್ಣಿಯವರು ಮುಂದೆ ತಮ್ಮ ಪುಸ್ತಕದಲ್ಲಿ ಈ ಪ್ರಕರಣವನ್ನು ವಿವರವಾಗಿ ದಾಖಲಿಸಿದರು. 2024ರಲ್ಲಿ ಅದನ್ನಾಧರಿಸಿದ ಮರಾಠಿ ಧಾರಾವಾಹಿಯೊಂದು ಬಂದಿತು. ಅದರಲ್ಲಿ ನಮ್ಮ ಅವರ್ಸಾದ ಈ ಅಧಿಕಾರಿಯ ಪಾತ್ರವನ್ನು ಅಶುತೋಷ್ ಗೋವಾರಿಕರ್ ಅವರು ನಿರ್ವಹಿಸಿದ್ದಾರೆ.

ಹೀಗೆ ಒಬ್ಬರೇ ಅಧಿಕಾರಿ, ಆರೇಳು ವರ್ಷಗಳ ಅಂತರದಲ್ಲಿ ಎರಡು ಪ್ರಕರಣಗಳನ್ನು ಕಂಡರು. ಎರಡರಲ್ಲೂ ಸತ್ತವರು ಬಡವರು, ದುರ್ಬಲರು. ಘೋರತೆಯಲ್ಲಿ ಒಂದಕ್ಕಿಂತ ಒಂದು ಕಡಿಮೆಯಿಲ್ಲ. ಆದರೆ ಒಂದು ಕಡೆ ಮನಸ್ಸೇ ಮುರಿದುಬಿದ್ದ ಏಕಾಂಗಿ, ಇನ್ನೊಂದು ಕಡೆ ಲೆಕ್ಕಾಚಾರ ಬಲ್ಲ ಸಂಸಾರಸ್ಥರು. ಕೃತ್ಯದ ಘೋರತೆಯನ್ನು ಅಳೆದು ಮನಸ್ಸಿನ ರೋಗವನ್ನು ನಿರ್ಣಯಿಸಲಾಗದು ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕೆನಿಸುವುದಿಲ್ಲ.

ಹಾಗಾದರೆ ಹೆಚ್ಚಿನವರು ಯಾವ ಬಗೆಯವರು? ರಾಘವನ ಬಗೆಯೋ, ಮಾನವತದ ಬಗೆಯೋ? ನಮ್ಮ ಕರಾವಳಿಯ ಇತ್ತೀಚಿನ ಇತಿಹಾಸದಲ್ಲಿಯೇ ಇದಕ್ಕೆ ಉತ್ತರವಿದೆ. ಅದನ್ನು ಬರೆಯುವಾಗ ಶಿಕ್ಷಕನಾಗಿದ್ದ ನನಗೆ ಇಂದಿಗೂ ಒಂದು ಬಗೆಯ ಸಂಕೋಚ.

2009ರ ಅಕ್ಟೋಬರಿನಲ್ಲಿ ದಕ್ಷಿಣ ಕನ್ನಡದ ಪೊಲೀಸರು ಮೋಹನ್ ಕುಮಾರ್ ಎಂಬವನನ್ನು ಬಂಧಿಸಿದರು. ಅವನು ಪ್ರಾಥಮಿಕ ಶಾಲೆಯ ಶಿಕ್ಷಕನಾಗಿದ್ದವನು. ಮರುದಿನ ನಮ್ಮ ಶಿಕ್ಷಕರ ಕೊಠಡಿಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದವರು ಯಾರೂ ತರಗತಿಗೆ ಏಳಲಿಲ್ಲ. ಪತ್ರಿಕೆ ಕೈಯಿಂದ ಕೈಗೆ ಹೋಗುತ್ತಿತ್ತು. "ಮಾಸ್ತರನಂತೆ!" ಎಂಬ ಒಂದೇ ಮಾತು. ಕೊನೆಗೆ ಹಿರಿಯ ಅಕ್ಕೋರೊಬ್ಬರು, "ಖಂಡಿತ ಅವನಿಗೆ ಹುಚ್ಚಿರಬೇಕು" ಎಂದರು. ಎಲ್ಲರಿಗೂ ಒಂದು ಬಗೆಯ ಸಮಾಧಾನವಾದದ್ದು ಮುಖದಲ್ಲಿಯೇ ಕಾಣುತ್ತಿತ್ತು. ಹುಚ್ಚನಾದರೆ ಅವನು ನಮ್ಮವನಲ್ಲ ಎಂದಾಯಿತಲ್ಲ!

ಆದರೆ ಮುಂದೆ ಮಂಗಳೂರಿನ ನ್ಯಾಯಾಲಯದಲ್ಲಿ ಬಯಲಾದ ಸಂಗತಿಗಳನ್ನು ನೋಡೋಣ. 2003ರಿಂದ 2009ರವರೆಗೆ ಇಪ್ಪತ್ತು ಮಹಿಳೆಯರು. ಬಹುತೇಕರು ಬಡವರು, ಮದುವೆಯ ವಯಸ್ಸು ಮೀರುತ್ತಿದೆ ಎಂದು ಮನೆಯವರು ಕಳವಳಪಡುತ್ತಿದ್ದಂಥವರು. ಅವನು ಅವರ ಜಾತಿಗೆ ಹೊಂದುವ ಹೆಸರನ್ನು ಹೇಳಿಕೊಳ್ಳುತ್ತಿದ್ದ, ಸರ್ಕಾರಿ ನೌಕರಿಯಿದೆ ಎನ್ನುತ್ತಿದ್ದ, ವರದಕ್ಷಿಣೆ ಬೇಡ ಎನ್ನುತ್ತಿದ್ದ. ನಂಬಿ ಬಂದವಳನ್ನು ಮಡಿಕೇರಿ, ಹಾಸನ, ಮೈಸೂರು, ಬೆಂಗಳೂರು ಮುಂತಾದ ದೂರದ ಊರಿನ ವಸತಿಗೃಹಕ್ಕೆ ಕರೆದೊಯ್ಯುತ್ತಿದ್ದ. ಮರುದಿನ ಬೆಳಿಗ್ಗೆ ಒಡವೆಗಳನ್ನು ಕೋಣೆಯಲ್ಲಿಯೇ ಬಿಚ್ಚಿಡಿಸಿ ಬಸ್ ನಿಲ್ದಾಣಕ್ಕೆ ಕರೆತಂದು, ಗರ್ಭ ನಿಲ್ಲದಿರಲು ಗುಳಿಗೆಯೆಂದು ಸೈನೈಡ್ ಕೊಡುತ್ತಿದ್ದ; ವಾಂತಿ ಬಂದೀತು, ಶೌಚಾಲಯದೊಳಗೆ ಹೋಗಿ ನುಂಗು ಎನ್ನುತ್ತಿದ್ದ. ಅವಳು ಒಳಗೆ ಕುಸಿಯುವ ಹೊತ್ತಿಗೆ ಅವನು ವಸತಿಗೃಹಕ್ಕೆ ಮರಳಿ ಒಡವೆಗಳೊಂದಿಗೆ ಊರಿನ ದಾರಿ ಹಿಡಿದಿರುತ್ತಿದ್ದ. ಹೆಣ ಒಂದು ಜಿಲ್ಲೆಯಲ್ಲಿ, ಕಾಣೆಯಾದ ದೂರು (ಕೊಟ್ಟಿದ್ದರೆ!) ಇನ್ನೊಂದು ಜಿಲ್ಲೆಯಲ್ಲಿ. ಗುರುತು ಸಿಗದ ಮಹಿಳೆ, ಅಸಹಜ ಸಾವು ಎಂದು ಬರೆದು ಕಡತ ಮುಚ್ಚಲಾಗುತ್ತಿತ್ತು.

ಈಗ ಹೇಳಿ, ಇದರಲ್ಲಿ ಬುದ್ಧಿಭ್ರಮೆ ಎಲ್ಲಿದೆ? ಜಾತಿಯ ಲೆಕ್ಕಾಚಾರ ಇದೆ, ವರದಕ್ಷಿಣೆಯ ಸಂಕಟದ ಅರಿವಿದೆ, ಪೊಲೀಸ್ ಠಾಣೆಗಳ ಸರಹದ್ದಿನ ಅರಿವಿದೆ. ಹೆಣ್ಣುಮಗಳು ಮನೆ ಬಿಟ್ಟು ಹೋದಳೆಂದರೆ ಮರ್ಯಾದೆಗಂಜಿ ಹೆತ್ತವರು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂಬ ತಿಳಿವಳಿಕೆಯೂ ಇದೆ. ನಮ್ಮ ಸಮಾಜವನ್ನು ಅವನಷ್ಟು ಚೆನ್ನಾಗಿ ಓದಿಕೊಂಡವರು ಕಡಿಮೆ. ನ್ಯಾಯಾಲಯದಲ್ಲಿ ತನ್ನ ಪರವಾಗಿ ತಾನೇ ವಾದ ಮಂಡಿಸಿದ. 2013ರ ಡಿಸೆಂಬರಿನಲ್ಲಿ ಮೊದಲು ಗಲ್ಲುಶಿಕ್ಷೆಯಾಯಿತು. 2017ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯ ಒಂದು ಪ್ರಕರಣದ ಗಲ್ಲನ್ನು ಜೀವಾವಧಿಗೆ ಇಳಿಸಿತು. ಇಪ್ಪತ್ತನೆಯ, ಕೊನೆಯ ಪ್ರಕರಣದ ಶಿಕ್ಷೆ ಪ್ರಕಟವಾದದ್ದು 2020ರ ಜೂನ್‌ನಲ್ಲಿ. ಅದು ಕಾಸರಗೋಡಿನ ಯುವತಿಯೊಬ್ಬಳ ಪ್ರಕರಣ.

ಇನ್ನೊಂದು ಸಂಗತಿಯನ್ನು ಇಲ್ಲಿಯೇ ಹೇಳಬೇಕು. 2009ರಲ್ಲಿ ಬಂಟ್ವಾಳದ ಕಡೆಯ ಯುವತಿಯೊಬ್ಬಳು ಕಾಣೆಯಾದಾಗ ಊರವರ ಅನುಮಾನ ಅನ್ಯಕೋಮಿನ ಯುವಕರತ್ತ ಹೊರಳಿ ಪ್ರತಿಭಟನೆಗಳೇ ನಡೆದವು. ಆ ಒತ್ತಡದಿಂದಲೇ ತನಿಖೆ ಚುರುಕಾಯಿತು, ಮೊಬೈಲ್ ಕರೆಗಳ ದಾಖಲೆ ಹಿಡಿದು ಹೋದ ಪೊಲೀಸರು ಒಬ್ಬಳಿಂದ ಇನ್ನೊಬ್ಬಳ ಜಾಡಿಗೆ ಬಂದರು ಎಂಬುದೂ ನಿಜ. ಆದರೆ ಕೇಡು ಹೊರಗಿನಿಂದಲೇ ಬಂದಿರಬೇಕು ಎಂಬುದು ನಮ್ಮ ಮೊದಲ ಊಹೆ. ಹೊರಗಿನವರಲ್ಲಿ ಯಾರೂ ಸಿಗದಿದ್ದರೆ ಹುಚ್ಚ. ಯಕ್ಷಗಾನದಲ್ಲಿ ರಾಕ್ಷಸನ ಬಣ್ಣದ ವೇಷ ಬರುವ ಮುನ್ನ ಚಂಡೆ ಮೊಳಗುತ್ತದೆ, ಅಬ್ಬರ ಕೇಳುತ್ತದೆ, ಮಕ್ಕಳು ತಾಯಿಯ ಸೆರಗಿನಲ್ಲಿ ಅಡಗುತ್ತಾರೆ. ಮೋಹನನು ಬಂದಾಗ ಯಾವ ಚಂಡೆಯೂ ಮೊಳಗಲಿಲ್ಲ.

ಉಳಿದ ಹೆಸರುಗಳನ್ನು ಬೇಗನೆ ಮುಗಿಸುತ್ತೇನೆ. ದೇವಸ್ಥಾನಗಳಲ್ಲಿ ನೊಂದ ಮಹಿಳೆಯರ ಗೆಳೆತನ ಬೆಳೆಸಿ, ಪೂಜೆಯ ನೆಪದಲ್ಲಿ ಒಡವೆ ಧರಿಸಿ ಬರಲು ಹೇಳಿ ಸೈನೈಡ್ ಉಣಿಸಿದ ಕೆಂಪಮ್ಮ. ಒಂದೇ ಬಳಗದವರು ಸೇರಿ ಮನೆಗಳಿಗೆ ನುಗ್ಗಿದ ದಂಡುಪಾಳ್ಯದ ಗುಂಪು (ಇಡೀ ಗುಂಪಿಗೇ ಏಕಕಾಲಕ್ಕೆ ಹುಚ್ಚು ಹಿಡಿಯಿತೆಂದು ಯಾವ ವೈದ್ಯನೂ ಹೇಳಲಾರ). 1991ರಲ್ಲಿ ಬೆಂಗಳೂರಿನ ರಿಚ್‌ಮಂಡ್ ರಸ್ತೆಯ ಬಂಗಲೆಯ ಅಂಗಳದಲ್ಲಿ ಹೆಂಡತಿಯನ್ನು ಹೂತು, ಮೂರು ವರ್ಷ ಊರಿಗೆಲ್ಲ ಕಥೆ ಹೇಳುತ್ತ ಬದುಕಿದ ಸ್ವಾಮಿ ಶ್ರದ್ಧಾನಂದ. ಇವೆಲ್ಲವುಗಳ ಹಿಂದೆ ಇದ್ದದ್ದು ಚಿನ್ನ, ಹಣ, ಆಸ್ತಿ. ತಮಿಳುನಾಡು, ಕರ್ನಾಟಕಗಳಲ್ಲಿ ಸಾಲು ಅತ್ಯಾಚಾರ ಕೊಲೆಗಳ ಆರೋಪ ಹೊತ್ತ ಜೈಶಂಕರನಿಗೆ ನಮ್ಮ ಪತ್ರಿಕೆಗಳು 'ಸೈಕೋ' ಎಂಬ ಬಿರುದನ್ನೇ ದಯಪಾಲಿಸಿದವು. ಆ 'ಸೈಕೋ' 2013ರಲ್ಲಿ ಪರಪ್ಪನ ಅಗ್ರಹಾರದ ಜೈಲಿನ ಎತ್ತರದ ಗೋಡೆ ಏರಿ ಪರಾರಿಯಾದ ರೀತಿಯನ್ನು ನೋಡಿದರೆ, ಯೋಜನೆ ಹಾಕುವ ಶಕ್ತಿಗೆ ಯಾವ ಕೊರತೆಯೂ ಇದ್ದಂತೆ ಕಾಣುವುದಿಲ್ಲ.

ಓದುಗರಲ್ಲಿ ಕೆಲವರು ಇಲ್ಲಿ ಆಕ್ಷೇಪವೆತ್ತಬಹುದು: "ಮಾಸ್ತರರೇ, ಇಪ್ಪತ್ತು ಜನರನ್ನು ಕೊಂದು ನಿಶ್ಚಿಂತೆಯಿಂದ ಉಂಡು ಮಲಗುವುದೇ ಒಂದು ರೋಗವಲ್ಲವೇ?" ಸಹಜವಾದ ಪ್ರಶ್ನೆ. ವೈದ್ಯಶಾಸ್ತ್ರ ಇಂಥವರನ್ನು ಗಮನಿಸದೆ ಬಿಟ್ಟಿಲ್ಲ. ಅಮೆರಿಕದ ಮನೋವೈದ್ಯ ಹರ್ವೆ ಕ್ಲೆಕ್ಲಿ 1941ರಲ್ಲಿ ಸ್ವಸ್ಥತೆಯ ಮುಖವಾಡ ಎಂಬರ್ಥದ ಹೆಸರಿನ ಪುಸ್ತಕವನ್ನೇ ಬರೆದ. ನಯವಾದ ಮಾತು, ಪಶ್ಚಾತ್ತಾಪವೇ ಇಲ್ಲದ ಮನಸ್ಸು, ಪರರ ನೋವಿಗೆ ಮಿಡಿಯದ ಎದೆ, ಇವು ಕೂಡಿದ ವ್ಯಕ್ತಿತ್ವವನ್ನು ವೈದ್ಯರು ಸೈಕೋಪತಿ ಎನ್ನುತ್ತಾರೆ. ಆದರೆ ಇದು ಸ್ಕಿಜೋಫ್ರೀನಿಯಾದಂತೆ ಇಲ್ಲದ್ದನ್ನು ಕಾಣಿಸುವ, ಕೇಳಿಸುವ ರೋಗವಲ್ಲ. ಇಂಥವನಿಗೆ ಲೋಕ ಇದ್ದಂತೆಯೇ ಕಾಣುತ್ತದೆ. ತಪ್ಪೆಂದು ಗೊತ್ತಿರುತ್ತದೆ, ಗೊತ್ತಿರುವುದರಿಂದಲೇ ಹೆಸರು ಬದಲಿಸುತ್ತಾನೆ, ಹೆಣ ಅಡಗಿಸುತ್ತಾನೆ. "ಇಷ್ಟು ಕೆಟ್ಟದ್ದನ್ನು ಮಾಡಿದ್ದರಿಂದ ಹುಚ್ಚ, ಹುಚ್ಚನಾದ್ದರಿಂದ ಇಷ್ಟು ಕೆಟ್ಟದ್ದನ್ನು ಮಾಡಿದ" ಎಂಬ ವಾದ ಗಾಣದೆತ್ತಿನಂತೆ ಅಲ್ಲಿಯೇ ಸುತ್ತುತ್ತದೆ. ನಮ್ಮ ಸರ್ವೋಚ್ಚ ನ್ಯಾಯಾಲಯವೂ 1964ರ ದಾಹ್ಯಾಭಾಯಿ ಪ್ರಕರಣದಿಂದ ಇತ್ತೀಚಿನವರೆಗೆ ಇದನ್ನೇ ಹೇಳುತ್ತ ಬಂದಿದೆ: ವೈದ್ಯರು ಹೇಳುವ ಹುಚ್ಚು ಬೇರೆ, ಕಾನೂನು ಕೇಳುವ ಹುಚ್ಚು ಬೇರೆ, ನೋಡಬೇಕಾದದ್ದು ಕೃತ್ಯ ನಡೆದ ಹೊತ್ತಿನ ಮನಃಸ್ಥಿತಿಯನ್ನು.

ಪದದ ಬಗ್ಗೆ ಇಷ್ಟೇಕೆ ತಕರಾರು ಎಂದು ಕೇಳಬಹುದು. ಆ ಪದಕ್ಕೆ ಬೆಲೆ ತೆರುವವರು ಬೇರೆಯವರು ಎಂಬುದಕ್ಕೆ. ನನ್ನ ಕೈಕೆಳಗೆ ಕಲಿತ ಒಬ್ಬ ಹುಡುಗ ಗಣಿತದಲ್ಲಿ ಚುರುಕಾಗಿದ್ದವನು. ಕಾಲೇಜಿನ ಎರಡನೆಯ ವರ್ಷದಲ್ಲಿ ತನ್ನಷ್ಟಕ್ಕೆ ಮಾತಾಡತೊಡಗಿದ, ಊಟದಲ್ಲಿ ಏನೋ ಬೆರೆಸಿದ್ದಾರೆಂದು ತಟ್ಟೆ ಸರಿಸತೊಡಗಿದ. ನೋಟ ಕೇಳಿಸಿದರು, ತಾಯತ ಕಟ್ಟಿಸಿದರು. "ಮದುವೆಯಾಗದೆ ಹುಚ್ಚು ಬಿಡದು, ಹುಚ್ಚು ಬಿಡದೆ ಮದುವೆಯಾಗದು" ಎಂಬ ನಮ್ಮ ಗಾದೆಗೆ ಸರಿಯಾಗಿ ಸಂಬಂಧವನ್ನೂ ಹುಡುಕಿದರು. ಕೊನೆಗೆ ಅವನ ಸೋದರಮಾವ ಗಟ್ಟಿ ಮನಸ್ಸು ಮಾಡಿ ಅರಬೈಲು ಘಟ್ಟ ಹತ್ತಿಸಿ ಧಾರವಾಡಕ್ಕೆ ಕರೆದೊಯ್ದರು. ಗುಳಿಗೆ ನುಂಗುತ್ತ ಅವನು ಸುಧಾರಿಸಿದ, ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೂ ಸೇರಿದ. ಅಷ್ಟರಲ್ಲಿ ಪತ್ರಿಕೆಗಳಲ್ಲಿ, ಟಿ.ವಿ.ಯಲ್ಲಿ 'ಸೈಕೋ' 'ಸೈಕೋ' ಎಂಬ ಅಬ್ಬರ ಏರಿತು. ಗಿರಾಕಿಗಳಲ್ಲಿ ಕೆಲವರು ಅಂಗಡಿಯ ಮಾಲೀಕರ ಕಿವಿಯಲ್ಲಿ ಏನೋ ಊದಿದರು. ಮಕ್ಕಳನ್ನು ಅವನಿದ್ದ ಓಣಿಯಲ್ಲಿ ಆಡಲು ಬಿಡುವುದು ನಿಂತಿತು. ಇರುವೆಯನ್ನೂ ತುಳಿಯದ ಹುಡುಗ ಅವನು. ಕೆಲಸ ಹೋಯಿತು, ಅದರ ಹಿಂದೆಯೇ ಗುಳಿಗೆಯೂ ನಿಂತಿತು, ಏಕೆಂದರೆ ಗುಳಿಗೆ ನುಂಗುವುದೆಂದರೆ ತಾನು 'ಅಂಥವನು' ಎಂದು ಒಪ್ಪಿಕೊಂಡಂತೆ ಎಂದು ಅವನ ಮನೆಯವರಿಗೆ ತೋರಿತು. ಮತ್ತೆ ಘಟ್ಟ ಹತ್ತಬೇಕಾಯಿತು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ವಯಸ್ಕರಲ್ಲಿ ನೂರಕ್ಕೆ ಸುಮಾರು ಹತ್ತು ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ. ಅವರಲ್ಲಿ ಬಹುಪಾಲು ಜನರಿಗೆ ಚಿಕಿತ್ಸೆಯೇ ಸಿಗುತ್ತಿಲ್ಲ. ಇವರೆಲ್ಲರೂ ಕೊಲೆಗಾರರಾಗಿದ್ದರೆ ಊರಲ್ಲಿ ಯಾರು ಉಳಿಯುತ್ತಿದ್ದರು? ಸ್ವೀಡನ್ ದೇಶದ ದಾಖಲೆಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಲ್ಲಿನ ಹಿಂಸಾತ್ಮಕ ಅಪರಾಧಗಳಲ್ಲಿ ತೀವ್ರ ಮಾನಸಿಕ ರೋಗದ ಪಾಲು ನೂರಕ್ಕೆ ಐದರಷ್ಟು ಎಂದು ಲೆಕ್ಕ ಹಾಕಿತು. ಉಳಿದ ತೊಂಬತ್ತೈದನ್ನು ಯಾರ ತಲೆಗೆ ಕಟ್ಟುವುದು? ಆ ಐದೂ ಸುಳ್ಳಲ್ಲ, ರಾಘವನಂಥವರು ಇದ್ದಾರೆ. ಹಾಗೆಂದೇ ಚಿಕಿತ್ಸೆ ಬೇಕು. ಡಾ. ಸಿ. ಆರ್. ಚಂದ್ರಶೇಖರ್ ಅವರಂಥ ವೈದ್ಯರು ದಶಕಗಳ ಕಾಲ ಸರಳ ಕನ್ನಡದಲ್ಲಿ ಪುಸ್ತಕದ ಮೇಲೆ ಪುಸ್ತಕ ಬರೆದು ಮಾನಸಿಕ ರೋಗವನ್ನು ಕುರಿತ ಹೆದರಿಕೆಯನ್ನು ಹೋಗಲಾಡಿಸಲು ಶ್ರಮಿಸಿದ್ದಾರೆ. ಆ ಶ್ರಮವನ್ನೆಲ್ಲ ಒಂದು ದಪ್ಪಕ್ಷರದ ತಲೆಬರಹ ಅಳಿಸಿಹಾಕುತ್ತದೆ.

ಈ ವಿಷಯಕ್ಕೆ ಇನ್ನೊಂದು ಮಗ್ಗುಲಿದೆ, ಅದು ನನ್ನ ವಾದಕ್ಕೆ ಅಷ್ಟೇನೂ ಅನುಕೂಲವಲ್ಲ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳಲ್ಲಿ ಗಲ್ಲುಶಿಕ್ಷೆಗೆ ಗುರಿಯಾದ 88 ಕೈದಿಗಳನ್ನು ಸಂದರ್ಶಿಸಿ 2021ರಲ್ಲಿ ವರದಿ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 62ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು. "ನೋಡಿ, ನಾವು ಹೇಳಿದ್ದೇ ನಿಜ" ಎಂದು ಚಹಾದಂಗಡಿಯವರು ಎದ್ದು ನಿಲ್ಲಬಹುದು. ಆದರೆ ಅದು ಕೃತ್ಯದ ದಿನದ ಲೆಕ್ಕವಲ್ಲ, ಗಲ್ಲಿನ ನೆರಳಿನಲ್ಲಿ ವರ್ಷಗಟ್ಟಲೆ ಕುಳಿತವರ ಲೆಕ್ಕ. ಚಿತ್ರದುರ್ಗ ಜಿಲ್ಲೆಯ ಉಮೇಶ ರೆಡ್ಡಿಯನ್ನೇ ತೆಗೆದುಕೊಳ್ಳಿ. ಪೊಲೀಸ್ ಸಮವಸ್ತ್ರ ತೊಟ್ಟಿದ್ದವನು. 1998ರ ಒಂದು ಅತ್ಯಾಚಾರ ಮತ್ತು ಕೊಲೆಗಾಗಿ 2006ರಲ್ಲಿ ಗಲ್ಲು ವಿಧಿಸಲ್ಪಟ್ಟವನು. ಅವನ ಬಗ್ಗೆ ಕನಿಕರಪಡಲು ನನಗೆ ಮನಸ್ಸು ಬಾರದು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವನನ್ನು ಹತ್ತು ವರ್ಷ ಒಂಟಿ ಕೋಣೆಯಲ್ಲಿ ಇಡಲಾಯಿತು. ಕಾನೂನು ಹಾಗೆ ಇಡಲು ಒಪ್ಪುವುದಿಲ್ಲ. ಆ ಏಕಾಂತವಾಸ ಅವನ ಆರೋಗ್ಯವನ್ನು ಕೆಡಿಸಿತೆಂಬುದನ್ನು ಗಮನಿಸಿ 2022ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಅವನ ಗಲ್ಲನ್ನು ಕನಿಷ್ಠ ಮೂವತ್ತು ವರ್ಷಗಳ ಸೆರೆವಾಸಕ್ಕೆ ಇಳಿಸಿತು. ಅದಕ್ಕೂ ಹಿಂದೆ, 2014ರ ಶತ್ರುಘ್ನ ಚೌಹಾಣ್ ತೀರ್ಪಿನಲ್ಲಿ ಹದಿನೈದು ಜನರ ಗಲ್ಲು ರದ್ದಾದಾಗ ವಿಳಂಬದ ಜೊತೆಗೆ ಮಾನಸಿಕ ಕಾಯಿಲೆಯೂ ಒಂದು ಕಾರಣವಾಗಿತ್ತು. ಶಿಕ್ಷೆಯ ನಂತರ ಬಂದ ತೀವ್ರ ರೋಗವನ್ನೂ ಪರಿಗಣಿಸಬೇಕೆಂದು 2019ರಲ್ಲಿ ಮತ್ತೊಂದು ತೀರ್ಪು ಬಂತು. ಸ್ವಸ್ಥನಾಗಿ ಒಳಹೋದ ಅಪರಾಧಿ ಒಳಗೆ ರೋಗಿಯಾಗಬಹುದು. ಅವನ ರೋಗಕ್ಕೆ ಮದ್ದು ಕೊಡಬೇಕು. ಅದರಿಂದ ಅವನು ಮಾಡಿದ್ದು ರೋಗದಿಂದ ಮಾಡಿದ್ದೆಂದು ಆಗುವುದಿಲ್ಲ.

ಕೊನೆಯದಾಗಿ ಕಾನೂನಿನ ಇಂದಿನ ಸ್ಥಿತಿ. ಮೆಕಾಲೆಯ ಸಂಹಿತೆಯ ಜಾಗದಲ್ಲಿ ಭಾರತೀಯ ನ್ಯಾಯ ಸಂಹಿತೆಯನ್ನು ತರಲು 2023ರ ಆಗಸ್ಟಿನಲ್ಲಿ ಮಂಡಿಸಿದ ಮೊದಲ ಮಸೂದೆಯಲ್ಲಿ, ಹಳೆಯ 'ಚಿತ್ತದ ಅಸ್ವಸ್ಥತೆ'ಯ ಬದಲಾಗಿ 'ಮಾನಸಿಕ ಕಾಯಿಲೆ' ಎಂಬ ಪದವನ್ನು ಬಳಸಿದ್ದರು. ಕೇಳಲು ಆಧುನಿಕವಾಗಿಯೇ ಇತ್ತು. ಸಂಸತ್ತಿನ ಸ್ಥಾಯಿ ಸಮಿತಿ ಇದನ್ನು ಒಪ್ಪಲಿಲ್ಲ. ಕಾಯಿಲೆಯೆಂಬ ಪದದ ವ್ಯಾಪ್ತಿ ತೀರಾ ದೊಡ್ಡದು, ಮನಸ್ಸಿನ ಏರಿಳಿತಗಳಿಂದ ಹಿಡಿದು ಸ್ವಂತ ಇಚ್ಛೆಯಿಂದ ಕುಡಿದ ಅಮಲಿನವರೆಗೆ ಎಲ್ಲವೂ ಅದರೊಳಗೆ ನುಸುಳೀತು ಎಂದು ಅದು ಎಚ್ಚರಿಸಿತು. ಹಳೆಯ ಪದವೇ ಮರಳಿ ಬಂತು. ಆ ಸಂಹಿತೆ 2024ರ ಜುಲೈ 1ರಿಂದ ಜಾರಿಯಲ್ಲಿದೆ. 84ನೆಯ ಸೆಕ್ಷನ್ ಈಗ 22ನೆಯದಾಗಿದೆ. ಕಾರವಾರದ ಸೆಷನ್ಸ್ ಕೋರ್ಟಿನಲ್ಲಿ ನಾಳೆ ಯಾರಾದರೂ ವಕೀಲರು ಎದ್ದು ನಿಂತು ತಮ್ಮ ಕಕ್ಷಿದಾರನಿಗೆ ತಲೆ ಸರಿಯಿರಲಿಲ್ಲ ಎಂದರೆ, ನ್ಯಾಯಾಧೀಶರು ಅವರನ್ನು ಕೇಳುವ ಪ್ರಶ್ನೆ 1862ರಲ್ಲಿ ಕೇಳುತ್ತಿದ್ದದ್ದೇ: ಆ ಹೊತ್ತಿನಲ್ಲಿ ತಾನು ಏನು ಮಾಡುತ್ತಿದ್ದೇನೆಂದು ಅವನಿಗೆ ತಿಳಿದಿತ್ತೇ?